ಮಂಜುಳಳ ದಾರಿಯನ್ನು ಅಳೆದ ದಿನಗಳು

ಮೊನ್ನೆ ಅರಸೀಕೆರೆಯ ಬಸ್ ನಿಲ್ದಾಣದಲ್ಲಿ ಹಾಸನದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಯಾರೋ ಒಬ್ಬರು ಗೋಣಿಚೀಲವೊಂದನ್ನು ತಂದು ನನ್ನ ಕಾಲ ಪಕ್ಕದಲ್ಲೇ ಇಳಿಸಿದರು. ಒಳಗೆ ಉಂಡೆ ಕೊಬ್ಬರಿ. ಬಿಸಿಲಿಗೆ ಕಾದ ಗೋಣಿಯ ವಾಸನೆಯ ಹಿಂದೆಯೇ ಆ ಜಿಡ್ಡಾದ, ಸಿಹಿಯಾದ, ಒಂದಿಷ್ಟು ಧೂಳು ಬೆರೆತ ಪರಿಮಳ ಬಂತು ನೋಡಿ, ನಮ್ಮ ಮನೆ ಇದ್ದಕ್ಕಿದ್ದಂತೆ ಕಣ್ಣೆದುರು ಎದ್ದು ನಿಂತಿತು. ಮುಂಭಾಗದಲ್ಲಿ ತಾತನ ಕೊಬ್ಬರಿ ಮಂಡಿ, ಅದನ್ನು ದಾಟಿದರೆ ವಿಭೂತಿ ಘಮ್ಮೆನ್ನುವ ನಡುಮನೆ, ಮೇಲೆ ವರ್ಷಗಟ್ಟಲೆ ಕಾಯಿ ಒಣಗುತ್ತಿದ್ದ ಅಟ್ಟ, ಹಿತ್ತಲ ಕಡೆಗೆ ಕೊಬ್ಬರಿ ಹರಡಲು ಸಿಮೆಂಟು ಬಳಿದ ಉದ್ದನೆಯ ಕಣ. ನಿಮಗೂ ಅಂಥ ಮನೆಯೊಂದು ಇದ್ದಿದ್ದರೆ, ಅದೂ ಈಗ ಇಲ್ಲವಾಗಿದ್ದರೆ, ಹೀಗೆ ಬಸ್ ನಿಲ್ದಾಣದಲ್ಲಿ ಕೂತಲ್ಲೇ ಮನೆಗೆ ಹೋಗಿ ಬರುವುದೆಂದರೇನೆಂದು ನಾನು ವಿವರಿಸಬೇಕಾಗಿಲ್ಲ.

ಆ ಮನೆಯಲ್ಲಿ ನನ್ನ ಪಾಲಿನ ದೊಡ್ಡ ಸಂಗತಿ ಗಿರಿಜತ್ತೆ. ಅಪ್ಪನ ತಂಗಿ. ಮದುವೆ ಬೇಡವೆಂದು ಓದಿ, ನಮ್ಮ ಹೈಸ್ಕೂಲಿಗೇ ವಿಜ್ಞಾನದ ಮೇಡಮ್ಮಾಗಿ ಬಂದಿದ್ದರು. ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದರೆಂದರೆ ಏನೋ ನಡೆಯಲಿದೆ ಎಂದೇ ಅರ್ಥ. ನಾನು ಒಂಬತ್ತನೇ ತರಗತಿಗೆ ಬಂದ ವರ್ಷ, ಒಂದು ಭಾನುವಾರ, ನನ್ನನ್ನು ಹಿತ್ತಲಿನ ಕಂಬದ ಬಳಿ ನಿಲ್ಲಿಸಿ, "ಕಣದ ಸುತ್ತ ಹತ್ತು ಸುತ್ತು ಓಡು, ಈ ಕಂಬಕ್ಕೇ ಬಂದು ನಿಲ್ಲು" ಎಂದರು. ಓಡಿದೆ. ಏದುಸಿರು ಬಿಡುತ್ತಾ ಕಂಬ ಹಿಡಿದಾಗ, "ನೀನು ಓಡಿದ ದೂರ ಸುಮಾರು ನಾನೂರು ಮೀಟರ್. ನಿನ್ನ ಸ್ಥಾನಪಲ್ಲಟ ಎಷ್ಟು ಗೊತ್ತಾ? ಸೊನ್ನೆ!" ಎಂದು ಚಪ್ಪಾಳೆ ತಟ್ಟಿ ನಕ್ಕರು. ನನಗೆ ಅಳುವಷ್ಟು ಸಿಟ್ಟು ಬಂತು. ಅಷ್ಟು ಬೆವರು ಹರಿಸಿ ಸೊನ್ನೆಯೆ? "ಹೊರಟಿದ್ದು ಎಲ್ಲಿಂದ, ನಿಂತಿದ್ದು ಎಲ್ಲಿ, ಅವೆರಡರ ಮಧ್ಯೆ ನೇರ ಗೆರೆ ಎಷ್ಟು, ಅಷ್ಟನ್ನೇ ಅದು ಕೇಳೋದು ಕಣೇ. ನೀನು ಪಟ್ಟ ಪಾಡು ಅದಕ್ಕೆ ಬೇಕಿಲ್ಲ" ಎಂದರು ಅತ್ತೆ. ಕೊಬ್ಬರಿ ಒಡೆಯುತ್ತಾ ಕೂತಿದ್ದ ಲಕ್ಷ್ಮಕ್ಕ ಕೂಡ ಮಚ್ಚು ಕೆಳಗಿಟ್ಟು ನಕ್ಕಿದ್ದಳು.

ಲಕ್ಷ್ಮಕ್ಕ ನಮ್ಮ ಕಣದಲ್ಲಿ ಚಿಪ್ಪು ಒಡೆದು ಉಂಡೆ ಬಿಡಿಸುವ ಕೆಲಸದವಳು. ಅವಳ ಮಗಳು ಮಂಜುಳ ನನ್ನ ತರಗತಿಯವಳು, ನನ್ನ ಬೆಂಚಿನವಳು. ರೈಲು ಹಳಿಯ ಆಚೆ ಅವರ ಮನೆ, ಈಚೆ ನಮ್ಮ ಶಾಲೆ. ಹೆಡ್ ಮಾಷ್ಟ್ರ ಕೋಣೆಯ ಕಿಟಕಿಯಿಂದ ಇಣುಕಿದರೆ ಅವರ ಮನೆಯ ಮುಂದೆ ಒಣಗಲು ಹಾಕಿದ ಬಟ್ಟೆಯ ಬಣ್ಣ ಕೂಡ ಕಾಣುತ್ತಿತ್ತು. ಅದೇ ಮಂಜುಳಳಿಗೆ ಮುಳುವಾಯಿತು. ಹಳಿಯ ಎರಡೂ ಬದಿಗೆ ಬೇಲಿ ಬಂದ ಮೇಲೆ ಅವಳು ದೂರದ ರೈಲ್ವೆ ಗೇಟಿನವರೆಗೆ ನಡೆದು, ದಾಟಿ, ಮತ್ತೆ ಅಷ್ಟೇ ದೂರ ಹಿಂದಕ್ಕೆ ನಡೆದು ಬರಬೇಕಿತ್ತು. ತಾಯಿ ಏಳಕ್ಕೇ ಕೆಲಸಕ್ಕೆ ಹೊರಡುವುದರಿಂದ ಎಂಟೂವರೆಗೆ ಬೀದಿ ನಲ್ಲಿಯಲ್ಲಿ ಬರುವ ನೀರನ್ನು ಅವಳೇ ತುಂಬಿಡಬೇಕು. ಒಂಬತ್ತಕ್ಕೆ ಮುಂಚೆ ಮನೆ ಬಿಡುವ ಹಾಗಿರಲಿಲ್ಲ. ಒಂಬತ್ತೂವರೆಗೆ ಬೆಲ್ಲು. ವಾರದಲ್ಲಿ ಮೂರು ದಿನವಾದರೂ ಅವಳು ಪ್ರಾರ್ಥನೆ ಮುಗಿದ ಮೇಲೆ ಬಂದು ಶಾಲೆಯ ಗೇಟಿನ ಹೊರಗೆ ನಿಂತಿರುತ್ತಿದ್ದಳು. "ಇಲ್ಲಿಂದ ಕಲ್ಲು ಎಸೆದರೆ ನಿಮ್ಮ ಮನೆ ಬಾಗಿಲಿಗೆ ಬೀಳುತ್ತೆ, ನಿನಗೆ ಹೊತ್ತಿಗೆ ಸರಿಯಾಗಿ ಬರೋಕಾಗಲ್ವಾ? ಇನ್ನೊಂದು ಸಲ ತಡವಾದ್ರೆ ಟಿ.ಸಿ. ತಗೊಂಡು ಹೋಗು" ಎಂದು ಹೆಡ್ ಮಾಷ್ಟ್ರು ಎಲ್ಲರೆದುರು ಹೇಳಿಬಿಟ್ಟರು.

ಮರುದಿನ ಲಕ್ಷ್ಮಕ್ಕ ಮಗಳನ್ನು ಕರೆದುಕೊಂಡೇ ಕಣಕ್ಕೆ ಬಂದಳು. ಮಂಜುಳಳ ಕೈಗೂ ಒಂದು ಮಚ್ಚು ಕೊಟ್ಟು ಪಕ್ಕದಲ್ಲಿ ಕೂರಿಸಿಕೊಂಡಳು. "ಸಾಕು ಬಿಡ್ರವ್ವ. ದಿನಾ ಬೈಸ್ಕೊಂಡು ಬರಾಕೆ ಯಾಕೆ ಹೋಗ್ಬೇಕು? ಇಲ್ಲೇ ಕೆಲ್ಸ ಐತೆ, ನನ್ ಕಣ್ಮುಂದೆ ಇರ್ತಾಳೆ" ಎಂದಳು. ಮಂಜುಳ ತಲೆಯೆತ್ತಲಿಲ್ಲ. ಒಡೆಯಲು ಬಾರದೆ ಅವಳ ಉಂಡೆಗಳೆಲ್ಲ ಹೋಳಾಗುತ್ತಿದ್ದವು. ಅತ್ತೆ ಕಾಫಿ ಲೋಟ ಹಿಡಿದು ಅದನ್ನು ನೋಡುತ್ತಾ ನಿಂತವರು, ಲೋಟ ಕೆಳಗಿಟ್ಟು ಸೆರಗು ಸಿಕ್ಕಿಸಿದರು. "ಲಕ್ಷ್ಮಕ್ಕ, ನಂಗೆ ಒಂದೇ ಒಂದು ವಾರ ಕೊಡು. ನಾವು ಇವಳ ದಾರಿ ಅಳೀತೀವಿ."

ಆ ವಾರದ ಸಂಭ್ರಮವನ್ನು ಹೇಗೆ ಹೇಳಲಿ! ತಾತನ ಮಂಡಿಯಿಂದ ತೆಂಗಿನ ನಾರಿನ ಹಗ್ಗ ಬಂತು. ಬಟ್ಟೆ ಅಂಗಡಿಯ ಮೀಟರ್ ಕೋಲನ್ನು ಕೇಳಿ ತಂದು, ಇಪ್ಪತ್ತು ಮೀಟರಿಗೆ ಸರಿಯಾಗಿ ಎರಡೂ ತುದಿಗೆ ಕೆಂಪು ಬಟ್ಟೆ ಕಟ್ಟಿದೆವು. ಸಂಜೆ ಶಾಲೆ ಬಿಟ್ಟ ಕೂಡಲೇ ಇಡೀ ತರಗತಿ ಹಳಿಯಾಚೆ ಹಾಜರು. ಒಂದು ತುದಿ ನಾನು, ಇನ್ನೊಂದು ತುದಿ ಮಂಜುಳ. ಹಗ್ಗ ಬಿಗಿ ಹಿಡಿದು, ಸೀಮೆಸುಣ್ಣದಲ್ಲಿ ಗುರುತು ಹಾಕಿ, "ಒಂದು!" ಎಂದು ಮೂವತ್ತು ಗಂಟಲು ಕೂಗುತ್ತಿದ್ದವು. ಎಂಟು ಹತ್ತು ಹಗ್ಗ ಆಗುವಷ್ಟರಲ್ಲಿ ಬೀದಿಯೇ ಹೊರಗೆ ಬಂತು. ಆಟೋದವನೊಬ್ಬ ಗಾಡಿ ನಿಲ್ಲಿಸಿ, "ಏನ್ ಮೇಡಂ, ರಸ್ತೆ ಅಗಲ ಮಾಡ್ತಾರಾ?" ಎಂದ. ಅಷ್ಟು ಸಾಕಾಯಿತು, ಒಬ್ಬ ಮುದುಕರು ಕೋಲೂರಿಕೊಂಡು ಬಂದು, "ನಮ್ ಜಗಲಿಗೂ ಬತ್ತದಾ ಮಾರ್ಕು? ಈಗ್ಲೇ ಹೇಳ್ಬಿಡಿ" ಎಂದು ಅಡ್ಡ ನಿಂತುಬಿಟ್ಟರು. "ಇಲ್ಲ ಯಜಮಾನ್ರೇ, ಈ ಮಗು ಎಷ್ಟು ನಡೀತಾಳೆ ಅಂತ ನೋಡ್ತಿದ್ದೀವಿ" ಎಂದು ಅತ್ತೆ ಹೇಳಿದ ಮೇಲೆ, ಆ ಮುದುಕರೇ ಎಮ್ಮೆಗಳನ್ನು ಅತ್ತ ಸರಿಸಿ ನಮಗೆ ದಾರಿ ಮಾಡಿಕೊಟ್ಟರು. ಗೇಟಿನವರೆಗೆ ನಲವತ್ತೇಳು ಹಗ್ಗ, ಗೇಟು ದಾಟಿ ನಮ್ಮ ಕಡೆಯ ರಸ್ತೆಗೆ ಒಂಬತ್ತು, ಅಲ್ಲಿಂದ ಶಾಲೆಯ ಬಾಗಿಲಿಗೆ ನಲವತ್ಮೂರು. ಗೇಟಿನಲ್ಲಿ ಹಳಿ ದಾಟಿ ಅಳೆಯುವಾಗ ಮಾತ್ರ ರೈಲ್ವೆಯವರೇ ಪಕ್ಕದಲ್ಲಿ ನಿಂತು ನಮ್ಮನ್ನು ನೋಡಿಕೊಂಡರು. ಒಟ್ಟು ತೊಂಬತ್ತೊಂಬತ್ತು ಹಗ್ಗ. ಸಾವಿರದ ಒಂಬೈನೂರ ಎಂಬತ್ತು ಮೀಟರ್! ಮಂಜುಳ ಆ ಸಂಖ್ಯೆಯನ್ನು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡಳು.

ಶನಿವಾರ ಮಧ್ಯಾಹ್ನ ಅತ್ತೆ ಕಣವನ್ನೇ ಹಾಳೆ ಮಾಡಿದರು. ಹರಡಿದ್ದ ಕೊಬ್ಬರಿಯನ್ನೆಲ್ಲ ಎತ್ತಿಸಬೇಕೆಂದಾಗ ತಾತ ಮೊದಲು ಗುರುಗುಟ್ಟಿದರು. "ಬಿಸಿಲು ಇರೋವಾಗ ಎತ್ತು ಅಂತೀಯಲ್ಲ, ನಿನಗೇನು ತಲೆ ಸರಿ ಇದೆಯಾ?" ಆಮೇಲೆ ತಾವೇ ಪಂಚೆ ಎತ್ತಿ ಕಟ್ಟಿ ಗುಡಿಸಲು ನಿಂತರು. ಅಜ್ಜಿ ರಂಗೋಲಿ ಡಬ್ಬವನ್ನೇ ಕೊಟ್ಟರು. ನೆಲದ ಒಂದು ಸೆಂಟಿಮೀಟರ್ ಅಂದರೆ ದಾರಿಯ ಒಂದು ಮೀಟರ್. ಮಂಜುಳಳ ಮನೆಗೆ ಒಂದು ತೆಂಗಿನಕಾಯಿ ಇಟ್ಟು, ಅಲ್ಲಿಂದ ಉದ್ದಕ್ಕೆ ಗೆರೆ ಎಳೆದು, ತಿರುಗಿಸಿ, ಮತ್ತೆ ಹಿಂದಕ್ಕೆ ತಂದು, ಶಾಲೆಗೆ ಇನ್ನೊಂದು ತೆಂಗಿನಕಾಯಿ ಇಟ್ಟೆವು. ಎರಡು ಕಾಯಿಗಳ ನಡುವೆ ದಾರ ಬಿಗಿಯಾಗಿ ಹಿಡಿದವರು ತಾತ ಮತ್ತು ಮಂಜುಳ. ಅತ್ತೆ ಮೊಣಕಾಲೂರಿ ಅಳೆದರು. ಎರಡು ಮೀಟರಿಗೆ ಮೂರು ಸೆಂಟಿಮೀಟರ್ ಕಡಿಮೆ. ಅಂದರೆ ಮನೆಗೂ ಶಾಲೆಗೂ ನೇರ ಅಂತರ ನೂರ ತೊಂಬತ್ತೇಳು ಮೀಟರ್.

ಅತ್ತೆ ಕರೆದಿದ್ದರಿಂದ ಸಂಜೆಗೆ ಹೆಡ್ ಮಾಷ್ಟ್ರು ಬಂದರು. ದಾರವನ್ನು ನೋಡಿದ್ದೇ ಅವರ ಮುಖ ಅರಳಿತು. "ನೋಡಿದ್ರಾ? ಇನ್ನೂರು ಮೀಟರೂ ಇಲ್ಲ! ನಾನು ಹೇಳಿದ್ದೇ ಸರಿ ಆಯ್ತಲ್ಲ ಗಿರಿಜಾ ಮೇಡಂ." ನಾವೇ ಅಳೆದು ನಾವೇ ಸೋತೆವಲ್ಲ! ಲಕ್ಷ್ಮಕ್ಕ ಮಗಳ ಭುಜ ಹಿಡಿದುಕೊಂಡಳು. ಅತ್ತೆ ಮಾತ್ರ ನಿಧಾನಕ್ಕೆ ಎದ್ದು, ಕೈಯ ರಂಗೋಲಿ ಪುಡಿ ಒರೆಸಿಕೊಂಡರು. "ಅದು ನಿಮ್ಮ ಕಿಟಕಿಯಿಂದ ನಿಮ್ಮ ಕಣ್ಣು ಹೋದ ದಾರಿ ಸಾರ್. ಅವಳ ಕಾಲು ನಡೆದಿದ್ದು ಈ ಗೆರೆ." ಮಾಷ್ಟ್ರು ಉದ್ದ ಗೆರೆಯನ್ನು ನೋಡಿದರು. "ಎರಡು ಕಿಲೋಮೀಟರ್ ಅಂತಲೇ ಇಟ್ಕೊಳ್ಳಿ. ಗಂಟೆಗೆ ಐದು ಕಿಲೋಮೀಟರ್ ಜವದಲ್ಲಿ ನಡೆದ್ರೂ ಇಪ್ಪತ್ನಾಲ್ಕು ನಿಮಿಷ. ಒಂಬತ್ತಕ್ಕೆ ಹೊರಟ್ರೆ ಬೆಲ್ಲಿಗೆ ಮುಂಚೆ ಬರಬಹುದು." ಅತ್ತೆಗೆ ಬೇಕಾಗಿದ್ದೂ ಅದೇ ಮಾತು. "ಹಾಗಾದ್ರೆ ಸೋಮವಾರ ನೀವೇ ಅವಳ ಜೊತೆ ನಡೆದುಬಿಡಿ ಸಾರ್. ಹುಡುಗರು ಟೈಮು ಬರ್ಕೊಳ್ತಾರೆ." ತಾತ ಮುಸಿಮುಸಿ ನಗುತ್ತಾ ಒಳಗೆ ಹೋದರು. ಮಾಷ್ಟ್ರು ಹಟದ ಮನುಷ್ಯ. ಒಪ್ಪಿಕೊಂಡರು.

ಸೋಮವಾರ ದಾರಿಯುದ್ದಕ್ಕೂ ನಾವು ವಾಚು, ಟೈಮ್‌ಪೀಸು ಹಿಡಿದು ನಿಂತಿದ್ದೆವು. ನನ್ನ ಜಾಗ ಗೇಟಿನ ಪಕ್ಕ. ಒಂಬತ್ತು ಗಂಟೆಗೆ ದೂರದಲ್ಲಿ ಕರವಸ್ತ್ರ ಬೀಸಿದ್ದು ಕಂಡಿತು. ಹೊರಟರು! ಮಾಷ್ಟ್ರು ಬಿರಬಿರನೆ ನಡೆದರೆ, ಚೀಲ ಹೊತ್ತ ಮಂಜುಳ ಪಕ್ಕದಲ್ಲೇ ಸಮಸಮ. ಒಂಬತ್ತು ಹನ್ನೊಂದಕ್ಕೆ ಗೇಟಿನ ಬಳಿ ಬಂದಾಗ ಮಾಷ್ಟ್ರ ಮುಖದಲ್ಲಿ ಗೆದ್ದ ಕಳೆ. ಅಷ್ಟರಲ್ಲಿ ಗಂಟೆ ಬಾರಿಸಿ ಗೇಟು ಬಿತ್ತು. ಗೂಡ್ಸ್ ಗಾಡಿ ಎಷ್ಟು ಹೊತ್ತಿಗೂ ಬಾರದು, ಬಂದ ಮೇಲೆ ಮುಗಿಯದು. ನಾವು ಡಬ್ಬಿ ಎಣಿಸಿ ಎಣಿಸಿ ಲೆಕ್ಕ ತಪ್ಪಿದೆವು. ಅದು ಹೋಯಿತು, ಗೇಟು ಏಳಲಿಲ್ಲ. ಆ ಕಡೆಯಿಂದ ಇನ್ನೊಂದು ರೈಲು ಬರುವುದಿತ್ತು. ಮಾಷ್ಟ್ರು ವಾಚು ನೋಡಿಕೊಂಡರು, ಮತ್ತೆ ನೋಡಿಕೊಂಡರು. "ದಿನಾ ಹೀಗೇನಾ?" ಎಂದು ಕೇಳಿದರು. "ಒಂದೊಂದಿನ ಬೇಗ ಬಿಡ್ತಾರೆ ಸಾರ್" ಎಂದಳು ಮಂಜುಳ. ಸರಿಯಾಗಿ ಆಗಲೇ ಗಾಳಿಯಲ್ಲಿ ತೇಲಿಕೊಂಡು ನಮ್ಮ ಶಾಲೆಯ ಬೆಲ್ಲು ಕೇಳಿಸಿತು. ಹಿಂದೆಯೇ ಮೈಕಿನಲ್ಲಿ ಪ್ರಾರ್ಥನೆ. ಹೆಡ್ ಮಾಷ್ಟ್ರು ಮುಚ್ಚಿದ ಗೇಟಿನ ಮುಂದೆ, ಹಾಲಿನ ಕ್ಯಾನಿನ ಸೈಕಲ್ಲುಗಳ ನಡುವೆ, ಎರಡೂ ಕೈ ಇಳಿಬಿಟ್ಟು ನೆಟ್ಟಗೆ ನಿಂತರು. ಮಂಜುಳಳೂ ನಿಂತಳು. ನಾನೂ ನಿಂತೆ. ನಗು ಒತ್ತರಿಸಿ ಬರುತ್ತಿತ್ತು, ಯಾಕೋ ಕಣ್ಣೂ ತುಂಬುತ್ತಿತ್ತು.

ಗೇಟು ಎದ್ದಿದ್ದೇ ಮಾಷ್ಟ್ರು ಓಡತೊಡಗಿದರು. ಮಂಜುಳ ಓಡಿದಳು, ನಿಂತ ನಿಂತಲ್ಲಿಂದ ನಾವೆಲ್ಲ ಹಿಂದೆ ಸೇರಿಕೊಂಡು "ಹೋ" ಎಂದು ಓಡಿದೆವು. ಶಾಲೆಯ ಬಾಗಿಲಲ್ಲಿ ಅತ್ತೆ ಟೈಮ್‌ಪೀಸು ಹಿಡಿದು ನಿಂತಿದ್ದರು. ಒಂಬತ್ತು ನಲವತ್ತೆರಡು. ಮಾಷ್ಟ್ರು ಬೆವರು ಒರೆಸಿಕೊಳ್ಳುತ್ತಾ ನೇರ ನಮ್ಮ ತರಗತಿಗೇ ಬಂದು ತಾವೇ ಬೋರ್ಡಿನ ಮೇಲೆ ಲೆಕ್ಕ ಮಾಡಿದರು. ಸರಾಸರಿ ಜವ ಗಂಟೆಗೆ ಮೂರು ಕಿಲೋಮೀಟರೂ ಬರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು ನಮ್ಮ ಕಡೆ ತಿರುಗಿದರು. "ನಾಳೆಯಿಂದ ಹಳಿಯಾಚೆಯ ಮಕ್ಕಳಿಗೆ ಒಂಬತ್ತು ಮುಕ್ಕಾಲಿಗೆ ಎರಡನೇ ಬೆಲ್ಲು. ಮಂಜುಳ, ಕೂತ್ಕೋಮ್ಮ" ಎಂದರು. ನಾವು ಖುಷಿಗೆ ಎಬ್ಬಿಸಿದ ಚೀರಾಟಕ್ಕೆ ಪಕ್ಕದ ತರಗತಿಯವರು ಓಡಿ ಬಂದಿದ್ದರು. ಸಂಜೆ ಲಕ್ಷ್ಮಕ್ಕ ಮಗಳ ಮಚ್ಚನ್ನು ತಾನೇ ತೊಳೆದು ಗೂಡಿನಲ್ಲಿಟ್ಟಳು. ಅಜ್ಜಿ ಎಲ್ಲರಿಗೂ ಕೊಬ್ಬರಿ ಮಿಠಾಯಿ ಹಂಚಿದರು.

ತಾತ, ಅಜ್ಜಿ ಹೋದ ಮೇಲೆ ಮಂಡಿ ನಿಂತುಹೋಯಿತು. ಮನೆ ಭಾಗವಾಗಿ, ಮಾರಾಟವಾಗಿ, ಈಗ ಅಲ್ಲಿ ಮದುವೆ ಛತ್ರವಿದೆ. ಮಂಜುಳ ನರ್ಸಿಂಗ್ ಓದಿ ಹಗರೆಯ ಕಡೆ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಗಿರಿಜತ್ತೆ ನಿವೃತ್ತರಾಗಿ ಹಾಸನದ ನನ್ನ ಮನೆಯಲ್ಲೇ ಇದ್ದರು. ಅವರು ಹಾಸಿಗೆ ಹಿಡಿದ ಕೊನೆಯ ತಿಂಗಳು ಮಂಜುಳ ರಜೆ ಹಾಕಿ ಬಂದು, ನನಗೆ ಬಾರದ ಕೆಲಸಗಳನ್ನೆಲ್ಲ ಮಾಡಿದಳು. ಮಾಲೇಕಲ್ಲಿನ ಕಡೆ ಉಳಿದಿದ್ದ ನಮ್ಮ ತೋಟದಲ್ಲಿ ಅತ್ತೆಯನ್ನು ಮಣ್ಣು ಮಾಡಿ ಬಂದ ಸಂಜೆ ನಾವಿಬ್ಬರೂ ಪಂಪ್‌ಸೆಟ್ಟಿನ ಕಟ್ಟೆಯ ಮೇಲೆ ಕೂತಿದ್ದೆವು.

"ಊರೆಲ್ಲ ನನ್ನ ನೋಡಿ ಅಯ್ಯೋ ಪಾಪ ಅಂತಿತ್ತು. ಮೇಡಂ ಒಂದ್ ದಿನಾನೂ ಹಾಗನ್ನಲಿಲ್ಲ ಕಣೇ" ಎಂದಳು ಮಂಜುಳ.

ನಾನು ಅವಳ ಕೈ ಹಿಡಿದುಕೊಂಡೆ. ಎದುರಿಗೆ ತೆಂಗಿನ ಗರಿಗಳ ಮೇಲಿನ ಬಿಸಿಲು ಮೆಲ್ಲಗೆ ಇಳಿದುಹೋಯಿತು.