ಕಣಿವೆಗೆ ಬೆನ್ನು ಹಾಕಿದ ಡ್ರಾಯಿಂಗ್ ಮಾಸ್ತರರು

ಹೊಸಪೇಟೆಯ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರರು ಡಿಸೆಂಬರ್ ಬಂತೆಂದರೆ ಮಂಕಿ ಟೋಪಿ ಹಾಕಿಕೊಂಡು ಸಂಡೂರಿನ ಗುಡ್ಡಕ್ಕೆ ಹೋಗುತ್ತಿದ್ದರು, ಚಳಿಗಾಲದ ಚಿತ್ರ ಬರೆಯಲು. "ಚಳಿಗಾಲ ಅಂದ್ರ ಬೆಳ್ಳಗ ಇರಬೇಕ್ರಿ" ಎಂಬುದು ಅವರ ಮಾತು. ಹಂಪಿಯ ಬಂಡೆಗಳ ಮೇಲೂ ಅವರು ಹಿಮ ಸುರಿಸಿದ್ದರು.

ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ನಾನೂ ಒಮ್ಮೆ ಜೊತೆಗೆ ಹೋದೆ. ಕೆಳಗೆ ಕಣಿವೆ ತುಂಬ ಮಂಜು, ಮೇಲೆ ಎಳೆಬಿಸಿಲಿಗೆ ಕೆಂಪೇರಿದ ಗುಡ್ಡ. ಮಾಸ್ತರರು ಅದಕ್ಕೆ ಬೆನ್ನು ಹಾಕಿ ಕುಳಿತು, ಹಳೆಯ ಕ್ಯಾಲೆಂಡರಿನ ಹಿಮಾಲಯವನ್ನು ಎದುರಿಗಿಟ್ಟುಕೊಂಡು ನಕಲು ಮಾಡತೊಡಗಿದರು.

"ಸರ್, ಮತ್ತ ಇಲ್ಲೀತನ ಯಾಕ ಬಂದ್ವಿ?" ಎಂದೆ.

"ಮೈಗೆ ಚಳಿ ಹತ್ತಬೇಕಲ್ರಿ. ಇಲ್ಲಾಂದ್ರ ಹಿಮ ಖರೆ ಅನ್ನಸಂಗಿಲ್ಲ."

ಅಷ್ಟರಲ್ಲಿ ಅದಿರಿನ ಲಾರಿಯೊಂದು ಹಾದುಹೋಯಿತು. ಎದ್ದ ಕೆಂಧೂಳು ಹಸಿ ಬಣ್ಣದ ಮೇಲೆ ಕುಳಿತು ಹಿಮಾಲಯವೆಲ್ಲ ಕೆಂಪಾಯಿತು. ಮಾಸ್ತರರು ಮೊದಲ ಬಾರಿಗೆ ಹಿಂದಕ್ಕೆ ತಿರುಗಿ ಗುಡ್ಡವನ್ನು ನೋಡಿದರು, ಚಿತ್ರವನ್ನು ನೋಡಿದರು, ಮತ್ತೆ ಗುಡ್ಡವನ್ನು ನೋಡಿದರು. ಕೊನೆಗೂ ಅವರ ಕಣ್ಣು ತೆರೆಯಿತು ಎಂದುಕೊಂಡೆ.

"ಈ ಗುಡ್ಡಕ್ಕ ಚಳಿಗಾಲ ಅಂದ್ರ ಏನಂತ ಗೊತ್ತಿಲ್ರಿ" ಎಂದವರೇ ಚಿತ್ರವನ್ನು ಬಟ್ಟೆಯಿಂದ ಒರೆಸಿ ಮತ್ತೆ ಬಿಳಿ ಬಳಿದರು.

ಆ ಚಿತ್ರ ಈಗ ಕಂಪ್ಲಿಯ ರೈಸ್ ಮಿಲ್ಲೊಂದರ ಆಫೀಸಿನಲ್ಲಿದೆ. ಮಾಸ್ತರರ ಬಟ್ಟೆ ತಲುಪದ ಒಂದು ಮೂಲೆಯಲ್ಲಿ ಸಂಡೂರಿನ ಆ ಬೆಳಗು ಹೆಬ್ಬೆರಳಿನಷ್ಟು ಉಳಿದುಕೊಂಡಿದೆ. ನಾನು ಅದನ್ನೇ ನೋಡುತ್ತ ನಿಂತರೆ ಮಿಲ್ಲಿನ ಮಾಲೀಕರಿಗೆ ಸಂಕೋಚ.

"ಆ ಮೂಲ್ಯಾಗ ಒಂಚೂರು ಹೊಲಸಾಗೈತಿ, ಅದನ್ನ ನೋಡಬ್ಯಾಡ್ರಿ ಸರ್. ಉಳಿದದ್ದು ಭಾಳ ಮಸ್ತ್ ಐತಿ."