ಎಪ್ಪತ್ತೊಂದು ಡಿಗ್ರಿಯ ಬಸಣ್ಣ

ಕಾರು ನಿಲ್ಲಿಸಿ ಇಳಿದ ಕೂಡಲೇ ಬಸಣ್ಣ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಬಾನೆಟ್ಟಿನ ಮೇಲೆ ಅಂಗೈ ಇಡುವುದು. ಮಗುವಿಗೆ ಜ್ವರ ಇದೆಯೇ ಎಂದು ಹಣೆ ಮುಟ್ಟಿ ನೋಡುತ್ತಾರಲ್ಲ, ಹಾಗೆ. ಒಂದು ಕ್ಷಣ ಕಣ್ಣು ಮುಚ್ಚಿ, "ಹ್ಞೂಂ, ತಣ್ಣಗೈತಿ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡ ಮೇಲೆಯೇ ಬೀಗ ಹಾಕುತ್ತಿದ್ದರು. ಸ್ವೀಡನ್ನಿನ ಗೋಥೆನ್‌ಬರ್ಗಿನ ಒದ್ದೆ ಗಾಳಿ ಮೂಳೆ ಕೊರೆಯುತ್ತಿದ್ದರೂ ಈ ಪರೀಕ್ಷೆ ತಪ್ಪುತ್ತಿರಲಿಲ್ಲ. ಅವರ ಹೆಂಡತಿ ಗಿರಿಜಕ್ಕ ಹಿಂದೆ ನಿಂತು, "ನನ್ನ ಹಣಿ ಒಂದ ದಿನಾನೂ ಹಿಂಗ ಮುಟ್ಟಿ ನೋಡಿಲ್ಲ ನೋಡವಾ" ಎಂದು ನನಗೆ ದೂರು ಹೇಳುತ್ತಿದ್ದರು.

ಬಸಣ್ಣ ಬಿಜಾಪುರದವರು. ಸರ್ಕಾರ ವಿಜಯಪುರ ಅಂತ ಹೆಸರು ಬದಲಿಸಿದರೂ ಅವರ ಬಾಯಲ್ಲಿ ಅದು ಬಿಜಾಪುರವೇ. ಲಿಂಡ್‌ಹೋಲ್ಮೆನ್‌ನ ಆಫೀಸಿನಲ್ಲಿ ಅವರದು ನನ್ನ ಪಕ್ಕದ ಮೇಜು. ಇಬ್ಬರದೂ ಕಾರಿನ ಸಾಫ್ಟ್‌ವೇರ್ ಕೆಲಸ. ಅವರದು ಬ್ರೇಕಿನ ಕಡೆ, ನನ್ನದು ಎಂಜಿನ್ನಿನ ಬಿಸಿ-ತಂಪಿನ ಕಡೆ. ಕನ್ನಡ ಕೂಟದ ಯುಗಾದಿ ಊಟದಲ್ಲಿ ಅವರು ಮಾತಿನಲ್ಲಿ ಬೆಂಗಳೂರಿನವರನ್ನೂ ಮೀರಿಸುತ್ತಿದ್ದರು: "ಪಾಯಸ ತುಂಬಾ ಚೆನ್ನಾಗಿದೆ ಮೇಡಂ, ಸೂಪರ್!" ಅದೇ ಬಾನೆಟ್ ಎತ್ತಿದರೆ ಸಾಕು, ಅದುಮಿಟ್ಟಿದ್ದ ಬಿಜಾಪುರವೆಲ್ಲ ಹೊರಗೆ ಬರುತ್ತಿತ್ತು. ನಾನು ಮೈಸೂರಿನವಳು ಎಂಬ ಕಾರಣಕ್ಕೆ ಅವರಿಗೆ ನನ್ನ ಮೇಲೆ ಸ್ವಲ್ಪ ಕನಿಕರ. "ನಿಮ್ಮೂರಾಗ ಬಿಸಲ ಅಂದ್ರ ಏನಂತ ಗೊತ್ತೈತೇನ ತಂಗಿ? ಫ್ಯಾನ್ ಒಂದರಾಗ ಇಟ್ಟು ಹೊದ್ಕೊಂಡು ಮಲಗೋ ಮಂದಿ ನೀವು."

ಕಾರು ಹಳೆಯದು, ಕಡುಹಸಿರು ಬಣ್ಣದ್ದು, ಟರ್ಬೊ ಎಂಜಿನ್ನಿನದು. ಟರ್ಬೊ ಎಂಜಿನ್ನಿಗೆ ಗಾಳಿ ಒತ್ತಿ ತುಂಬುತ್ತದೆ. ಅದರಿಂದ ಓಟವೂ ಹೆಚ್ಚುತ್ತದೆ, ಬಿಸಿಯೂ ಹೆಚ್ಚುತ್ತದೆ. ನಮ್ಮಿಬ್ಬರ ಜಗಳ ಇದ್ದದ್ದು ಅದರ ಥರ್ಮೋಸ್ಟಾಟಿನ ಬಗ್ಗೆ. ಮುಷ್ಟಿಯಲ್ಲಿ ಅಡಗುವಷ್ಟು ಚಿಕ್ಕ ವಾಲ್ವ್ ಅದು. ಎಂಜಿನ್ನಿನ ನೀರು ಇಂತಿಷ್ಟು ಬಿಸಿಯಾಗುವವರೆಗೆ ಮುಚ್ಚಿಕೊಂಡಿದ್ದು, ಆಮೇಲೆ ತೆರೆದು ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಕಾರು ಮಾಡಿದವರು ಎಂಬತ್ತೊಂಬತ್ತು ಡಿಗ್ರಿಗೆ ತೆರೆಯುವುದನ್ನು ಹಾಕಿದ್ದರು. ಬಸಣ್ಣ ಅದನ್ನು ಬಿಚ್ಚಿಟ್ಟು ಎಪ್ಪತ್ತೊಂದಕ್ಕೇ ತೆರೆಯುವುದನ್ನು ತರಿಸಿ ಹಾಕಿದ್ದರು. ರೇಸ್ ಓಡಿಸುವವರು ಹಾಕುವಂಥದ್ದು ಅದು.

ಫೀಕಾ ಎಂಬ ಕಾಫಿ ಬಿಡುವಿನ ಹೊತ್ತಿನಲ್ಲಿ ಸ್ವೀಡನ್ನಿನವರೆಲ್ಲ ಕಾಫಿ ಹಿಡಿದು ಹವಾಮಾನದ ಮಾತಾಡುತ್ತಿದ್ದರೆ ನಾವಿಬ್ಬರು ಈ ವಾಲ್ವಿಗಾಗಿ ಕಿತ್ತಾಡುತ್ತಿದ್ದೆವು.

"ಬಸಣ್ಣ, ಇದು ದಿನಾ ರಸ್ತೆ ಮೇಲೆ ಓಡೋ ಕಾರು, ರೇಸ್ ಕಾರಲ್ಲ" ಎನ್ನುತ್ತಿದ್ದೆ. "ಇಷ್ಟು ಬೇಗ ತೆರೆದ್ರೆ ಈ ಚಳೀಲಿ ಎಂಜಿನ್ ಬೆಚ್ಚಗಾಗೋದೇ ಇಲ್ಲ. ಪೆಟ್ರೋಲ್ ಕುಡಿಯುತ್ತೆ, ಆಯಿಲ್‌ನಲ್ಲಿ ನೀರು ನಿಲ್ಲುತ್ತೆ, ಹೀಟರ್ ಬರಲ್ಲ. ಥರ್ಮೋಸ್ಟಾಟ್ ಇರೋದು ಎಂಜಿನ್ ತೀರಾ ತಣ್ಣಗಾಗದ ಹಾಗೆ ನೋಡ್ಕೊಳ್ಳೋಕೆ. ತೀರಾ ಬಿಸಿಯಾಗದ ಹಾಗೆ ನೋಡ್ಕೊಳ್ಳೋದು ರೇಡಿಯೇಟರ್ ಕೆಲಸ."

"ಟರ್ಬೊ ಅಂದ್ರ ಉರಿಯೋ ಒಲಿ ಮಗ್ಗಲಕ್ಕ ಇನ್ನೊಂದ ಒಲಿ ಹೂಡಿದಂಗ, ತಂಗಿ. ಹಾಲ ಉಕ್ಕಿ ಹೋದ ಮ್ಯಾಲ ಒಲಿ ಆರಿಸಿದ್ರ ಏನ ಬಂತು?"

ಈ ಹಟದ ಬೇರು ಎಲ್ಲಿದೆ ಎಂದು ಒಮ್ಮೆ ಅವರೇ ಹೇಳಿದರು. ಅವರ ಅಪ್ಪ ಬಿಜಾಪುರ-ಸಿಂದಗಿ ನಡುವೆ ಸ್ವಂತ ಟೆಂಪೊ ಓಡಿಸುತ್ತಿದ್ದರಂತೆ. ಆ ಬಿಸಿಲಿನಲ್ಲಿ ಗಾಡಿ ಕೈಗೆ ಬಂದ ತಕ್ಷಣ ಮೆಕ್ಯಾನಿಕ್ಕುಗಳು ಥರ್ಮೋಸ್ಟಾಟನ್ನು ಕಿತ್ತು ಎಸೆದುಬಿಡುತ್ತಿದ್ದರು. ಅದು ಮುಚ್ಚಿಕೊಂಡೇ ಉಳಿದರೆ ಎಂಜಿನ್ ಕುದಿಯುತ್ತದೆಂಬ ಭಯ. ಇವರ ಅಪ್ಪ ಮಾತ್ರ ಕಂಪನಿಯವರು ಇಟ್ಟದ್ದನ್ನು ಯಾಕೆ ಕೀಳಬೇಕು ಎಂದು ಹಾಗೇ ಬಿಟ್ಟರು. ಒಂದು ಮೇ ತಿಂಗಳ ಮಧ್ಯಾಹ್ನ ಅದು ಮುಚ್ಚಿದ್ದು ತೆರೆಯಲೇ ಇಲ್ಲ. ಪ್ಯಾಸೆಂಜರುಗಳು ಇಳಿದು ಜಾಲಿಮರದ ನೆರಳಿಗೆ ಓಡಿದರು, ಎಂಜಿನ್ ಕಚ್ಚಿಕೊಂಡು ನಿಂತಿತು. "ಒಂದ ಸಣ್ಣ ವಾಲ್ವ, ತಂಗಿ. ಮಾಲಕ ಇದ್ದ ನಮ್ಮಪ್ಪ ಮಂದಿ ಲಾರಿಗೆ ಡ್ರೈವರ್ ಆದ."

ಇದನ್ನು ಕೇಳಿದ ಮೇಲಾದರೂ ಬೇರೆ ಯಾರಾಗಿದ್ದರೆ ಸುಮ್ಮನಾಗುತ್ತಿದ್ದರು. ನನ್ನ ನಾಲಿಗೆ ಅಂಥದ್ದಲ್ಲ. "ಈ ಊರಲ್ಲಿ ಎಲ್ಲಿದೆ ನಿಮ್ಮ ಮೇ ತಿಂಗಳು?" ಎಂದೆ.

"ಬರತೈತಿ. ಬ್ಯಾಸಗಿ ಬಂದೇ ಬರತೈತಿ" ಎಂದರು.

ಬೇಸಿಗೆ ಎಂದರೆ ಅವರಿಗೊಂದು ಕನಸು. ಟರ್ಬೊದ ಒತ್ತಡ ಏರಿಸಿ, ಗಿರಿಜಕ್ಕನನ್ನು ಕೂರಿಸಿಕೊಂಡು, ಸೂರ್ಯ ಮುಳುಗದ ಉತ್ತರದ ತುದಿಯವರೆಗೆ ಒಂದೇ ಸಮ ಓಡಿಸಿಕೊಂಡು ಹೋಗಬೇಕು. ಎಪ್ಪತ್ತೊಂದು ಡಿಗ್ರಿ ಬೇಕಿದ್ದದ್ದು ಆ ಓಟಕ್ಕೆ. ಪ್ರತಿ ವರ್ಷ ಏನಾದರೊಂದು ಅಡ್ಡ ಬರುತ್ತಿತ್ತು. ಒಮ್ಮೆ ರಜೆ ಸಿಗಲಿಲ್ಲ, ಒಮ್ಮೆ ಊರಿನಿಂದ ನೆಂಟರು ಬಂದರು, ಮತ್ತೊಮ್ಮೆ ಕಾರಿನ ತಳಕ್ಕೆ ತುಕ್ಕು ಹಿಡಿಯಿತು. "ಮುಂದಿನ ಬ್ಯಾಸಗಿಗೆ ಪಕ್ಕಾ" ಎನ್ನುವುದು ಅವರ ಮಾಮೂಲಿ ಮಾತಾಗಿತ್ತು.

ಅಕ್ಟೋಬರಿನಲ್ಲಿ ಅವರ ಕರುಳಿನಲ್ಲಿ ಗಡ್ಡೆ ಸಿಕ್ಕಿತು. ಸಿಗುವ ಹೊತ್ತಿಗೆ ಲಿವರಿಗೂ ಹೋಗಿತ್ತು. ಎರಡು ವಾರಕ್ಕೊಮ್ಮೆ ಆಸ್ಪತ್ರೆಯಲ್ಲಿ ಕೀಮೋ ಶುರುವಾಯಿತು. ಗಿರಿಜಕ್ಕನಿಗೆ ಕಾರು ಓಡಿಸಲು ಬರುವುದಿಲ್ಲ. ಆಸ್ಪತ್ರೆಯವರೇ ಟ್ಯಾಕ್ಸಿ ಕಳಿಸುತ್ತೇವೆಂದರೆ ಬಸಣ್ಣ ಒಪ್ಪಲಿಲ್ಲ. "ಮನಿ ಮುಂದ ನನ್ನ ಗಾಡಿ ನಿಂತಿರುವಾಗ ಮಂದಿ ಗಾಡ್ಯಾಗ ಯಾಕ ಹೋಗಲಿ?" ನನಗೆ ಸ್ವಂತ ಕಾರಿಲ್ಲದಿದ್ದರೂ ಲೈಸೆನ್ಸ್ ಇತ್ತು. ಹಾಗೆ ನಾನು ಅವರ ಡ್ರೈವರ್ ಆದೆ.

ಆ ಔಷಧಿಗೊಂದು ಕೆಟ್ಟ ಗುಣ. ಅದು ಮೈಗೆ ಹೋದ ಮೇಲೆ ತಣ್ಣಗಿನ ಯಾವುದನ್ನು ಮುಟ್ಟಿದರೂ ಬೆರಳುಗಳಿಗೆ ಸೂಜಿ ಚುಚ್ಚಿದ ಹಾಗಾಗುತ್ತದೆ, ತಣ್ಣನೆ ಗಾಳಿ ಎಳೆದುಕೊಂಡರೆ ಗಂಟಲು ಹಿಡಿದುಕೊಳ್ಳುತ್ತದೆ. ಇಂಥವರನ್ನು ಕೂರಿಸಿಕೊಂಡು ನಾನು ಓಡಿಸುತ್ತಿದ್ದದ್ದು ಹೀಟರಿನಲ್ಲಿ ಉಗುರು ಬೆಚ್ಚಗಿನ ಗಾಳಿಯೂ ಸರಿಯಾಗಿ ಬಾರದ ಕಾರು. ಅವರು ಮಂಕಿ ಕ್ಯಾಪು, ಮಫ್ಲರು, ಎರಡೆರಡು ಕೈಗವಸು ಹಾಕಿ, ಮೇಲೆ ಗಿರಿಜಕ್ಕ ಹೊದಿಸಿದ ಕಂಬಳಿಯಲ್ಲಿ ಮುದುರಿ ಕೂತಿರುತ್ತಿದ್ದರು. ಹಲ್ಲು ಕಟಕಟ ಎನ್ನುವುದು ನನಗೆ ಕೇಳುತ್ತಿತ್ತು. ಹೀಟರಿನ ಗುಂಡಿ ಕೊನೆಯವರೆಗೆ ತಿರುಗಿದ್ದರೂ ನಾನು ಸುಮ್ಮನೆ ಅದನ್ನೇ ತಿರುಗಿಸುತ್ತಿದ್ದೆ. ಬೇರೇನು ಮಾಡಲಿ?

"ನಿಮ್ಮ ಕಾಲಿಗೆ ಬೀಳ್ತೀನಿ, ಎಂಬತ್ತೊಂಬತ್ತು ಹಾಕೋಣ ಬಸಣ್ಣ. ಎರಡು ಬೋಲ್ಟು, ಒಂದು ಗಂಟೆ ಕೆಲಸ."

"ಈಗ ಹಾಕಿದ್ರ ಬ್ಯಾಸಗ್ಯಾಗ ಮತ್ತ ಬಿಚ್ಚಬೇಕಲ್ಲ. ಎರಡೆರಡ ಕೆಲಸ ಯಾಕ?"

"ಬೇಸಿಗೇಲಿ ನಾನೇ ಬಿಚ್ಚಿ ಕೊಡ್ತೀನಿ."

"ನೀನೇನ? ನೀ ಕಂಪ್ಯೂಟರಿನ್ಯಾಗಷ್ಟ ಬಿಚ್ಚಾಕಿ."

ಜನವರಿಯಲ್ಲಿ ನನಗೆ ತಡೆಯಲಾಗಲಿಲ್ಲ. ಅವರು ಒಳಗೆ ಡ್ರಿಪ್ ಹಾಕಿಸಿಕೊಂಡು ಮಲಗಿದ್ದಾಗ ಪಾರ್ಕಿಂಗಿಗೆ ಹೋಗಿ ಒಂದು ದಪ್ಪ ರಟ್ಟನ್ನು ರೇಡಿಯೇಟರಿನ ಮುಂದೆ ತುರುಕಿದೆ. ಗಾಳಿ ತಾಗದಿದ್ದರೆ ನೀರು ಬಿಸಿಯಾದೀತು ಎಂಬ ಆಸೆ. ವಾಪಸು ಬರುವಾಗ ನಿಜಕ್ಕೂ ಕಾಲ ಬಳಿ ಬಿಸಿ ಬಂತು. "ಇವತ್ತ ಗಾಡಿ ಬೆಚ್ಚಗೈತಿ ನೋಡ್ರಿ!" ಎಂದು ಗಿರಿಜಕ್ಕ ಹಿಂದಿನ ಸೀಟಿನಲ್ಲಿ ಮಗುವಿನಂತೆ ಸಂತೋಷಪಟ್ಟರು. ಬಸಣ್ಣನ ಕಣ್ಣು ಮಾತ್ರ ಉಷ್ಣತೆಯ ಮುಳ್ಳಿನ ಮೇಲಿತ್ತು.

"ನಿಂದ್ರಸು" ಎಂದರು.

"ಏನಿಲ್ಲ ಬಸಣ್ಣ, ಅದು..."

"ಗಾಡಿ ನಿಂದ್ರಸಂದ್ರ ನಿಂದ್ರಸವಾ!"

ರಸ್ತೆ ಬದಿಗೆ ನಿಲ್ಲಿಸಿದೆ. ಮಳೆಯೂ ಅಲ್ಲದ ಹಿಮವೂ ಅಲ್ಲದ ರಾಡಿ ಬೀಳುತ್ತಿತ್ತು. ನಾನು ಇಳಿದು ಆ ಕಡೆ ಓಡುವಷ್ಟರಲ್ಲಿ ಅವರೇ ಇಳಿದು ಬಾನೆಟ್ ಎತ್ತಿದ್ದರು. ಗವಸಿನ ಕೈಗೆ ರಟ್ಟು ಸಿಗಲಿಲ್ಲವೆಂದು ಗವಸು ಕಿತ್ತೆಸೆದು ಬರಿಗೈ ಹಾಕಿದರು. ಬೆರಳು ತಣ್ಣನೆ ತಗಡಿಗೆ ತಾಗಿದ್ದೇ "ಯಪ್ಪಾ!" ಎಂದು ಕೂಗಿಬಿಟ್ಟರು. ಕಣ್ಣಲ್ಲಿ ನೀರು ಬಂತು. ಆದರೂ ರಟ್ಟು ಎಳೆದು ತೆಗೆದೇ ಬಿಟ್ಟರು. ನನಗೆ ಸಿಟ್ಟೋ ದುಃಖವೋ, ರಸ್ತೆಯಲ್ಲೇ ಕಿರುಚಿದೆ: "ಯಾಕೆ ಹೀಗೆ ಸಾಯ್ತೀರಿ ಚಳೀಲಿ?"

ಅವರು ಕೈಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡಿದರು. "ಖರೇ ಹೇಳು. ಈ ಗಾಡಿ ಇನ್ನ ನಾ ಓಡಸೂದಿಲ್ಲ ಅಂತ ಅನಿಸೈತೇನ ನಿನಗ?"

ಅವರು ಕಾಯುತ್ತಿದ್ದದ್ದು ಬೇಸಿಗೆಗಾಗಿ. ಎಪ್ಪತ್ತೊಂದು ಡಿಗ್ರಿ ಬಿಟ್ಟರೆ ಬೇಸಿಗೆಯನ್ನೇ ಬಿಟ್ಟ ಹಾಗೆ. ಇಷ್ಟು ದಿನ ಅದು ನನ್ನ ದಡ್ಡ ತಲೆಗೆ ಹೊಳೆದೇ ಇರಲಿಲ್ಲ. "ಇಲ್ಲ ಬಸಣ್ಣ, ನೀವೇ ಓಡಿಸ್ತೀರಿ" ಎಂದೆ. ಅಲ್ಲಿಂದಾಚೆ ಥರ್ಮೋಸ್ಟಾಟಿನ ಸುದ್ದಿ ಎತ್ತಲಿಲ್ಲ. ಬಿಸಿನೀರಿನ ಚೀಲಗಳನ್ನು ತಂದು ಅವರ ತೊಡೆಯ ಮೇಲಿಟ್ಟು ಓಡಿಸಿದೆ. ಅರ್ಧ ದಾರಿಗೆ ಅವೂ ಆರುತ್ತಿದ್ದವು.

ಮಾರ್ಚಿನಲ್ಲಿ ಸ್ಕ್ಯಾನ್ ನೋಡಿ ಡಾಕ್ಟರು ಮಾತಾಡಲು ಕರೆದರು. ನಾನು ಹೊರಗೆ ಕೂತಿದ್ದೆ. ಗಂಡ ಹೆಂಡತಿ ಇಬ್ಬರೂ ಹೊರಬಂದರು. ಗಿರಿಜಕ್ಕನ ಮುಖ ನೋಡಿದ ಮೇಲೆ ಕೇಳಲು ಏನು ಉಳಿದಿತ್ತು? ಕಾರು ಸ್ಟಾರ್ಟ್ ಮಾಡಿದೆ. ಬಹಳ ದೂರ ಬಂದ ಮೇಲೆ ಬಸಣ್ಣ ಕಿಟಕಿಯಾಚೆ ನೋಡುತ್ತಲೇ ಹೇಳಿದರು:

"ತಂಗಿ, ಆ ಎಂಬತ್ತೊಂಬತ್ತ ಹಾಕಿಬಿಡವಾ."

ಇಡೀ ಚಳಿಗಾಲ ಬೇಡಿಕೊಂಡಿದ್ದು ಸಿಕ್ಕಿತ್ತು.

"ಯಾಕೆ ಬಸಣ್ಣ? ಇನ್ನೇನು ಚಳಿ ಮುಗೀತಲ್ಲ. ಟರ್ಬೊಗೆ ಎಪ್ಪತ್ತೊಂದೇ ಸರಿ, ನೀವು ಹೇಳಿದ್ದೇ ಸರಿ. ಮತ್ತೆ ಬೇಸಿಗೇಲಿ ಬಿಚ್ಚಬೇಕಾಗುತ್ತೆ, ಎರಡೆರಡು ಕೆಲಸ..." ಅವರ ವಾದವನ್ನೆಲ್ಲ ನಾನೇ ಮಾಡಿದೆ. ನನಗೆ ಗೊತ್ತಿದ್ದದ್ದನ್ನೆಲ್ಲ ತಿರುವಿ ಹಾಕಿ ಸುಳ್ಳು ಸುಳ್ಳೇ ಹೇಳಿದೆ. ಒಮ್ಮೆ ಜಗಳಕ್ಕೆ ಬರಲಿ ದೇವರೇ ಎಂದು ಕಾದೆ.

"ಬ್ಯಾಸಗಿ ಮಾತ ಬಿಡು" ಎಂದರು ಮೆಲ್ಲಗೆ. "ಚಳಿ ಭಾಳ ಆಗತೈತಿ."

ಆ ಶನಿವಾರ ಅವರ ಗ್ಯಾರೇಜಿನಲ್ಲಿ ನಾನೊಬ್ಬಳೇ ಬದಲಿಸಿದೆ. ಗಿರಿಜಕ್ಕ ಕೆಳಗೆ ಬಂದು ಚಹಾ ಕೊಟ್ಟು ಹೋದರು. ಹೇಗೆ ಮಾಡುತ್ತಿದ್ದೇನೆಂದು ನೋಡಲು ಬಸಣ್ಣ ಇಳಿದು ಬರಲಿಲ್ಲ.

ಆಮೇಲೆ ಅವರು ಆ ಕಾರಿನಲ್ಲಿ ಕೂತದ್ದು ಒಂದೇ ಸಲ. ಕೀಮೋ ನಿಲ್ಲಿಸಿದ್ದರು; ನರ್ಸುಗಳು ಮನೆಗೇ ಬಂದು ನೋಡಿಕೊಳ್ಳುವ ಏರ್ಪಾಡಿನ ಬಗ್ಗೆ ಆಸ್ಪತ್ರೆಯಲ್ಲಿ ಮಾತಾಡಬೇಕಿತ್ತು. ಅಲ್ಲಿಂದ ಬರುವಾಗ ಹೀಟರ್ ಚೆನ್ನಾಗಿ ಬಿಸಿ ಊದುತ್ತಿತ್ತು. ಬಸಣ್ಣ ಮಫ್ಲರ್ ಸಡಿಲಿಸಿದರು. ಸ್ವಲ್ಪ ಹೊತ್ತಿಗೆ ತಲೆ ಒಂದು ಕಡೆ ವಾಲಿಸಿ ನಿದ್ದೆ ಹೋದರು. ಅಷ್ಟು ನೆಮ್ಮದಿಯಾಗಿ ಮಲಗಿದ್ದನ್ನು ನಾನು ನೋಡಿರಲೇ ಇಲ್ಲ. ಮುಂದೆ ಏಪ್ರಿಲ್ ಮುಗಿಯುವ ಮೊದಲೇ, ಮನೆಯಲ್ಲೇ, ಅವರು ತೀರಿಕೊಂಡರು. ನನಗೆ ಉಳಿದಿರುವುದು ಆ ದಿನದ ಬಸಣ್ಣ.

ಅವತ್ತು ಮನೆ ಮುಂದೆ ಕಾರು ನಿಲ್ಲಿಸಿದೆ, ಎಂಜಿನ್ ಆರಿಸಲಿಲ್ಲ. ಆರಿಸಿದರೆ ಬಿಸಿ ನಿಂತು ಅವರಿಗೆ ಎಚ್ಚರವಾಗುತ್ತಿತ್ತು. ಇಲ್ಲಿ ಹಾಗೆಲ್ಲ ಎಂಜಿನ್ ಓಡಿಸುತ್ತ ನಿಲ್ಲುವಂತಿಲ್ಲ. ಕೆಳಮನೆಯ ಅಜ್ಜಿ ನಾಯಿ ಹಿಡಿದು ಬಂದವರು ಕಿಟಕಿ ತಟ್ಟಿ ಬೈಯಲು ಬಾಯಿ ತೆರೆದರು. ಬಸಣ್ಣನ ಮುಖ ಕಂಡು ನಾಯಿಯನ್ನು ಎಳೆದುಕೊಂಡು ಹೋದರು.

"ಇನ್ನೊಂದ ಚೂರ ಮಲಗಲಿ ಬಿಡವಾ" ಎಂದು ಗಿರಿಜಕ್ಕ ಪಿಸುಗುಟ್ಟಿದರು.

ಎಂಬತ್ತೊಂಬತ್ತು ಡಿಗ್ರಿಯೇ ಸರಿ. ಇವತ್ತು ಯಾರು ಕೇಳಿದರೂ ಅದನ್ನೇ ಹೇಳುತ್ತೇನೆ. ಆದರೆ ಅವತ್ತು ಆ ಬಿಸಿ ಮುಖಕ್ಕೆ ಬಡಿಯುತ್ತಿದ್ದಾಗ ನನಗೆ ಬೇಕಿದ್ದದ್ದು ಇಷ್ಟೇ: ಅವರು ತಟ್ಟನೆ ಎದ್ದು, ನನ್ನನ್ನು ಬಾಯಿಗೆ ಬಂದಂತೆ ಬೈದು, ಅದನ್ನು ಈಗಿಂದೀಗಲೇ ಬಿಚ್ಚು ಅನ್ನಬೇಕು. ಅವರು ಬೆಚ್ಚಗೆ ಮಲಗಿಯೇ ಇದ್ದರು.