ಎಳೆದು ಬಿಡುವ ಹಗ್ಗ

ಕಡವಿನ ಕಾಕ ಆ ದಿನ ನಮ್ಮನ್ನು ಬದುಕಿಸಿದರು ಎಂದು ಬಂಟ್ವಾಳದಲ್ಲಿ ಈಗಲೂ ಹೇಳುತ್ತಾರೆ. ಇಂಜಿನು ಎಳೆದು ಚಾಲು ಮಾಡಿದ್ದು ನಾನು. ಅವರ ಬಲಗೈ ಭುಜದಿಂದ ತಪ್ಪಿ ಹೆಗಲ ಮೇಲಿನ ಒದ್ದೆ ಬೈರಾಸಿನ ಹಾಗೆ ನೇತಾಡುತ್ತಿತ್ತು.

ಕಾಕ ಕಡವಿನಿಂದ ದೋಣಿಯಲ್ಲಿ ಜನರನ್ನು ಹೊಳೆ ದಾಟಿಸುವವರು. ಇಂಜಿನಿನ ಹಗ್ಗ ಎಳೆಯುವ ಮೊದಲು ಪ್ರತಿ ಸಲ ತಿರುಗಿ, "ಹಿಂದೆ ಯಾರಿದ್ದೀರಿ?" ಎಂದು ಕೇಳುತ್ತಿದ್ದರು. ಖಾಲಿ ದೋಣಿಯಲ್ಲೂ ಕೇಳುತ್ತಿದ್ದರು. ನಾವು ನಗುತ್ತಿದ್ದೆವು.

ಆ ಮಳೆಗಾಲದಲ್ಲಿ ನೆರೆ ನಮ್ಮ ಜಗಲಿಗೆ ಹತ್ತಿದಾಗ ಕಾಕ ದೋಣಿಯನ್ನು ಮೆಟ್ಟಿಲಿಗೇ ತಂದರು. ನನ್ನ ಸೊಸೆ ಹಸುಗೂಸನ್ನು ಎತ್ತಿಕೊಂಡು ಹತ್ತಿದಳು. ನಾನು ಬಾವಿಯ ಹೊಸ ನೈಲಾನ್ ಹಗ್ಗ ಬಿಚ್ಚಿ ತಂದೆ. ನೆರೆಗೆ ಕೊಡಲು ಅದೇನು ಬಿಟ್ಟಿ ಸಿಕ್ಕಿದ್ದಲ್ಲ.

"ಬಾವಿಯನ್ನು ಮಾತ್ರ ಯಾಕೆ ಬಿಟ್ಟಿರಿ ಅಕ್ಕ?" ಎಂದರು ಕಾಕ.

ಹೊಳೆಯ ನಡುವೆ ಇಂಜಿನು ನಿಂತಿತು. ಕಾಕ ಎಳೆದರು. ಸ್ಟಾರ್ಟರಿನ ಹಗ್ಗ ತುಂಡಾಗಿ ಅವರು ಹಿಂದಕ್ಕೆ ಬಿದ್ದರು, ಭುಜ ದೋಣಿಯ ಅಂಚಿಗೆ ಬಡಿಯಿತು. ದೋಣಿ ತಳ್ಳುವ ಜಲ್ಲೆ ಇಳಿಸಿದರೆ ನೆಲ ಸಿಗದಷ್ಟು ನೀರು. ದೋಣಿ ಅಡ್ಡ ತಿರುಗಿ ಸೇತುವೆಯ ಕಂಬದ ಕಡೆ ಹೊರಟಿತು. ಸೊಸೆ ದೇವರನ್ನು ಕರೆದಳು. ಕಾಕ ನನ್ನ ಹಗ್ಗ ಕೇಳಿದರು.

ಅವರು ಹೇಳಿದ ಹಾಗೆ ನಾನು ಇಂಜಿನಿನ ಮುಚ್ಚಳ, ಕೆಟ್ಟ ಸ್ಟಾರ್ಟರು ಎರಡನ್ನೂ ಬಿಚ್ಚಿದೆ. ಹಗ್ಗದಿಂದ ಒಂದು ಮಾರು ಕತ್ತರಿಸಿ ತುದಿಗೆ ಗಂಟು ಹಾಕಿದೆ. ಅವರು ಎಡಗೈಯಲ್ಲಿ ಗಂಟನ್ನು ಒಳಗಿನ ಚಕ್ರದ ಕಚ್ಚಿಗೆ ಕೂರಿಸಿ ಹಗ್ಗ ಸುತ್ತಿದರು, ಗೇರು ಬಿಡಿಸಿದರು. ನಾನು ನೀರು ಸೇದುವ ಹಾಗೆ ಕೈಮೇಲೆ ಕೈ ಹಾಕಿ ಎಳೆದೆ. ಇಂಜಿನು ಕೆಮ್ಮಿ ಸುಮ್ಮನಾಯಿತು.

ಮತ್ತೆ ಸುತ್ತಿದರು. ಜಾರದಿರಲಿ ಎಂದು ನಾನು ಹಗ್ಗವನ್ನು ಅಂಗೈಗೆ ಸುತ್ತಿಕೊಂಡೆ. ಕಾಕ ಅದನ್ನು ಬಿಡಿಸಿದರು.

"ಇದು ಬಾವಿಹಗ್ಗ ಅಲ್ಲ ಅಕ್ಕ, ಕೈ ಹೋಗ್ತದೆ. ಒಂದೇ ಸಲ ಜೋರಾಗಿ ಎಳೆದು ಬಿಟ್ಟುಬಿಡಿ."

"ಬಿಟ್ಟರೆ ನನ್ನ ಹಗ್ಗ ಹೊಳೆಗೆ ಹೋಗ್ತದೆ."

"ಹೋಗಲಿ ಮಾರಾಯ್ತಿ."

ಮತ್ತೆ ಆ ನೋವಿನಲ್ಲೂ ತಿರುಗಿ ಕೇಳಿದರು: "ಹಿಂದೆ ಯಾರಿದ್ದೀರಿ?"

ನಾನೂ ತಿರುಗಿದೆ. ಸೊಸೆ ಹೆದರಿ, ಮಗುವಿನೊಂದಿಗೆ ನನ್ನ ಬೆನ್ನಿಗೇ ಬಂದು ಕೂತಿದ್ದಳು. ಅವಳನ್ನು ಪಕ್ಕಕ್ಕೆ ಸರಿಸಿ, ಎಳೆದು ಬಿಟ್ಟೆ. ಗಂಟು ಚಾಟಿಯ ಹಾಗೆ ಹಾರಿ, ಮಗುವಿನ ತಲೆ ಇದ್ದ ಜಾಗವನ್ನು ಹಾದು ಹಲಗೆಗೆ ಬಡಿಯಿತು. ಇಂಜಿನು ಹಿಡಿಯಿತು. ಕಂಬ ಕೈಗೆಟಕುವಷ್ಟು ಹತ್ತಿರದಲ್ಲಿ ದಾಟಿಹೋಯಿತು.

ಅದರ ನಂತರ ಅವರ ಪ್ರಶ್ನೆಗೆ ನಾನು ನಗಲಿಲ್ಲ.

ಆ ತುಂಡು ಹಗ್ಗ ದೋಣಿಯಲ್ಲೇ ಉಳಿಯಿತು. ಬೇಸಿಗೆಯಲ್ಲಿ, ಗಿಡ್ಡವಾದ ಹಗ್ಗದಿಂದ ನನ್ನ ಕೊಡ ನೀರಿಗೆ ಮುಟ್ಟದೆ ನಾನು ಬೈದರೆ, "ಬಾವಿಯನ್ನು ಸ್ವಲ್ಪ ಮೇಲೆ ತನ್ನಿ" ಎನ್ನುತ್ತಿದ್ದರು.

ಅಂಥದೇ ಒಂದು ಬೇಸಿಗೆಯಲ್ಲಿ ಎದೆನೋವು ಬಂದು ತೀರಿಕೊಂಡರು. ನೋಡಲು ಹೋದಾಗ ಅವರ ಹೆಂಡತಿ ಆ ತುಂಡನ್ನು ನನ್ನ ಕೈಯಲ್ಲಿಟ್ಟರು. ಅದು ಅಕ್ಕನದ್ದು ಎಂದು ಕಾಕ ಹೇಳಿದ್ದರಂತೆ.

ಮರುದಿನ ಬೆಳಿಗ್ಗೆ ಅದನ್ನು ಬಾವಿಹಗ್ಗಕ್ಕೆ ಸೇರಿಸಿ ಕಟ್ಟಿದೆ. ಕೊಡ ಇಳಿಸುವ ಮೊದಲು ಒಮ್ಮೆ ಹಿಂದೆ ತಿರುಗಿ ನೋಡಿದೆ. ನೀರು ಸೇದಲು ಅದೆಲ್ಲ ಬೇಕಾಗಿಲ್ಲ. ಆದರೂ ನೋಡಿದೆ. ಕೊಡ ನೀರಿಗೆ ಮುಟ್ಟಿತು.